ಹುಸಿಪದಗಳ ಸತ್ವಪರೀಕ್ಷೆ

‘ಲೆಡು’ ಎಂಬ ಕ್ರಿಯಾಪದ ಕನ್ನಡದಲ್ಲಿ ಇಲ್ಲ. ಈ ಲೇಖನಕ್ಕೆಂದೇ ಕಟ್ಟಿದ್ದು. ಆದರೂ ‘ಅವನು ದಿನಾ ಲೆಡುತ್ತಾನೆ, ನಿನ್ನೆಯೂ...’ ಎಂದು ಅರ್ಧಕ್ಕೆ ನಿಲ್ಲಿಸಿ ನೋಡಿ. ಕನ್ನಡ ಆಡಿ ಬೆಳೆದವರ ನಾಲಿಗೆ ‘ಲೆಟ್ಟ’ದ ಕಡೆಗೆ ವಾಲುತ್ತದೆ. ಅದೇ ಪದವನ್ನು ‘ಲೇಡು’ ಎಂದು ದೀರ್ಘ ಮಾಡಿ ಕೇಳಿದರೆ ‘ಲೇಡಿದ’ ಎನ್ನಬೇಕೆನಿಸುತ್ತದೆ. ಕೊಡು, ಇಡು, ಬಿಡು, ಸುಡು, ತೊಡು, ಉಡು, ನೆಡು, ಕೆಡು ಇವೆಲ್ಲ ಭೂತಕಾಲದಲ್ಲಿ ಕೊಟ್ಟ, ಇಟ್ಟ, ಬಿಟ್ಟ ಎಂದಾಗುತ್ತವೆ; ಮಾಡು, ಓಡು, ಹಾಡು, ನೋಡು, ಬೇಡು, ನೀಡು ಮಾತ್ರ ಮಾಡಿದ, ಓಡಿದ, ಹಾಡಿದ ಎಂದು ನಡೆಯುತ್ತವೆ. ಮೊದಲ ಸ್ವರ ಹ್ರಸ್ವವೋ ದೀರ್ಘವೋ ಎಂಬುದರ ಮೇಲೆ ಈ ಭೇದ ನಿಂತಿದೆ. ಇದನ್ನು ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಪಾಠವಾಗಿ ಕಲಿತಿಲ್ಲ, ಕೇಳಿದರೆ ಬಾಯಿಬಿಟ್ಟು ಹೇಳಲೂ ಬರುವುದಿಲ್ಲ. ಆದರೆ ಹಿಂದೆಂದೂ ಕೇಳದ ಪದ ಎದುರಾದಾಗ ಅದು ತಾನಾಗಿ ಕೆಲಸ ಮಾಡುತ್ತದೆ. ‘ಕೊಟ್ಟ’ ಎಂದದ್ದು ನೆನಪಿನಿಂದಲೋ ನಿಯಮದಿಂದಲೋ ಹೇಳುವುದು ಕಷ್ಟ. ‘ಲೆಟ್ಟ’ಕ್ಕೆ ಆ ಅನುಮಾನವಿಲ್ಲ, ಏಕೆಂದರೆ ನೆನಪಿಟ್ಟುಕೊಳ್ಳಲು ಅಂಥ ಪದವೇ ಇರಲಿಲ್ಲ.

ಅರ್ಥವಿಲ್ಲದ ಪದಗಳನ್ನು ಬೇಕೆಂದೇ ಕಟ್ಟಿ ಭಾಷೆಯನ್ನು, ನೆನಪನ್ನು, ಓದನ್ನು ಪರೀಕ್ಷಿಸುವ ಈ ಪದ್ಧತಿಗೆ ಸುಮಾರು 140 ವರ್ಷಗಳ ಇತಿಹಾಸವಿದೆ. ಮನೋವಿಜ್ಞಾನಿಯ ಕೋಣೆಯಲ್ಲಿ ಶುರುವಾದದ್ದು ಭಾಷಾವಿಜ್ಞಾನಕ್ಕೆ, ಅಲ್ಲಿಂದ ವಾಕ್ ಚಿಕಿತ್ಸಾಲಯಕ್ಕೆ, ಕೊನೆಗೆ ಪ್ರಾಥಮಿಕ ಶಾಲೆಯ ತರಗತಿಗೆ ಬಂದಿದೆ. ಕರ್ನಾಟಕದ ಮೂರನೇ ತರಗತಿಯ ಮಕ್ಕಳೂ ಅದನ್ನು ಎದುರಿಸಿದ್ದಾರೆ. ಹೀಗಾಗಿ ಹುಸಿಪದ ಏನನ್ನು ತೋರಿಸಬಲ್ಲದು, ಎಲ್ಲಿಗೆ ಅದನ್ನು ನಿಲ್ಲಿಸಬೇಕು ಎಂಬುದು ಈಗ ನಮ್ಮ ಶಿಕ್ಷಕರೂ ಪಾಲಕರೂ ಕೇಳಬೇಕಾದ ಪ್ರಶ್ನೆ.

ಮೊದಲು ಹೆಸರಿಸಬೇಕಾದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ನೆನಪನ್ನು ಅಳೆಯಬೇಕೆಂದು ಹೊರಟ ಅವರಿಗೆ ಒಂದು ತೊಡಕು ಎದುರಾಯಿತು. ಯಾವ ಪದ ಕೊಟ್ಟರೂ ಓದುವವನಿಗೆ ಅದರ ಹಿಂದಿನ ಪರಿಚಯ, ಬೇಕು-ಬೇಡ, ಭಾವನೆ ಎಲ್ಲ ಅಂಟಿಕೊಂಡೇ ಬರುತ್ತವೆ. ಹೊಸದಾಗಿ ಕಲಿತದ್ದೆಷ್ಟು ಎಂದು ಬೇರ್ಪಡಿಸಲಾಗದು. ಅದಕ್ಕೆ ಅವರು ವ್ಯಂಜನ-ಸ್ವರ-ವ್ಯಂಜನ ಜೋಡಿಸಿ ಸುಮಾರು 2300 ಅರ್ಥಹೀನ ಉಚ್ಚಾರಾಂಶಗಳನ್ನು ಕಟ್ಟಿದರು. ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಒಂದೇ ಲಯದಲ್ಲಿ ಓದುವುದು, ಕೆಲವು ಗಂಟೆ ಅಥವಾ ದಿನ ಬಿಟ್ಟು ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವುದು, ಇಷ್ಟೇ ವಿಧಾನ. 1885ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ 20 ನಿಮಿಷದ ನಂತರ ಉಳಿತಾಯ ಸುಮಾರು ಶೇ. 58, ಒಂದು ದಿನ ಕಳೆದರೆ ಶೇ. 34ರ ಆಸುಪಾಸು, ತಿಂಗಳಾದ ಮೇಲೆ ಶೇ. 21. ನೆನಪು ಮೊದಲ ಗಂಟೆಯಲ್ಲೇ ಕಡಿದಾಗಿ ಇಳಿದು ಆಮೇಲೆ ಇಳಿತ ನಿಧಾನವಾಗುತ್ತದೆ ಎಂಬ ಈ ಚಿತ್ರ ಇಂದಿಗೂ ಮನೋವಿಜ್ಞಾನದ ಪಠ್ಯಗಳಲ್ಲಿದೆ.

ಅದೇ ಪುಸ್ತಕದ ಇನ್ನೊಂದು ಫಲಿತಾಂಶವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹೋಲಿಕೆಗೆಂದು ಎಬಿಂಗ್‌ಹೌಸ್ ಬೈರನ್ನನ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನೂ ಬಾಯಿಪಾಠ ಮಾಡಿದರು. ಅಷ್ಟೇ ಉದ್ದದ ಅರ್ಥಹೀನ ಪಟ್ಟಿಗೆ ಹಿಡಿಯುವ ಶ್ರಮದ ಹತ್ತನೇ ಒಂದು ಪಾಲಿನಲ್ಲಿ ಪದ್ಯ ಬಾಯಿಗೆ ಬಂತು. ಅರ್ಥ, ಲಯ, ಪ್ರಾಸ, ಭಾಷೆಯ ನಂಟು ಒಟ್ಟಾಗಿ ಕಲಿಕೆಯನ್ನು ಹತ್ತುಪಟ್ಟು ಹಗುರ ಮಾಡುತ್ತವೆ ಎಂದು ಹುಸಿಪದಗಳ ಜನಕನೇ ಅಳೆದು ಹೇಳಿದ್ದಾರೆ. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಇದೇ ಎಳೆಯನ್ನು ಹಿಡಿದು ಎಬಿಂಗ್‌ಹೌಸ್ ವಿಧಾನವನ್ನೇ ಟೀಕಿಸಿದರು. ಮನುಷ್ಯ ಏನನ್ನು ಕಂಡರೂ ಅದರಲ್ಲಿ ಅರ್ಥ ಹುಡುಕುತ್ತಾನೆ, ಅರ್ಥವನ್ನು ಕಿತ್ತುಹಾಕಿ ಅಳೆದದ್ದು ಮನುಷ್ಯನ ನೆನಪೇ ಅಲ್ಲ ಎಂಬುದು ಅವರ ವಾದದ ಸಾರ. ಶಾಲೆಯ ವಿಷಯಕ್ಕೆ ಬಂದಾಗ ಈ ಹತ್ತುಪಟ್ಟಿನ ಲೆಕ್ಕ ನಮಗೆ ಬೇಕಾಗುತ್ತದೆ.

ಭಾಷಾವಿಜ್ಞಾನಕ್ಕೆ ಹುಸಿಪದದ ನಿಜವಾದ ಬೆಲೆ ತಿಳಿದದ್ದು 1958ರಲ್ಲಿ. ಹಾರ್ವರ್ಡ್ ಪರಿಸರದಲ್ಲಿ ಸಂಶೋಧನೆ ನಡೆಸುತ್ತಿದ್ದ ಜೀನ್ ಬರ್ಕೊ ಎಂಬ ತರುಣಿ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಎಂದು ಹೆಸರಿಟ್ಟರು. ನಾಲ್ಕರಿಂದ ಏಳು ವರ್ಷದ ಮಕ್ಕಳ ಮುಂದೆ ಒಂದು ಚಿತ್ರ ಹಿಡಿದು ಇದು ವಗ್ ಎಂದು ಹೇಳುವುದು. ಎರಡಿರುವ ಚಿತ್ರ ತೋರಿಸಿ ಈಗ ಎರಡು ಇವೆ, ಎರಡು ಏನು ಎಂದು ಕೇಳುವುದು. ಬಹುಪಾಲು ಮಕ್ಕಳು ‘ವಗ್ಜ಼್’ ಎಂದರು. ಆ ಪದವನ್ನು ಅವರು ಯಾರ ಬಾಯಲ್ಲೂ ಕೇಳಿರಲು ಸಾಧ್ಯವಿರಲಿಲ್ಲ. ಮಕ್ಕಳು ದೊಡ್ಡವರನ್ನು ಅನುಕರಿಸಿ, ಶಭಾಸ್ ಅನ್ನಿಸಿಕೊಂಡು ಮಾತು ಕಲಿಯುತ್ತಾರೆ ಎಂಬ ನಂಬಿಕೆ ಆಗ ಬಲವಾಗಿತ್ತು. ಮನೋವಿಜ್ಞಾನಿ ಸ್ಕಿನ್ನರ್ ಆ ವಾದದ ದೊಡ್ಡ ಪುಸ್ತಕವನ್ನು ಪ್ರಕಟಿಸಿ ಒಂದು ವರ್ಷವಷ್ಟೇ ಆಗಿತ್ತು. ಕೈಯಲ್ಲಿ ಬಿಡಿಸಿದ ಕೆಲವು ಚಿತ್ರಗಳು ಆ ನಂಬಿಕೆಯ ಬುಡ ಅಲುಗಿಸಿದವು.

ಬರ್ಕೊ ಅವರ ಪ್ರಬಂಧದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಕ್ಕಳು ಸೋತ ಭಾಗ. ‘ಗ್ಲಾಸ್’ ಪದಕ್ಕೆ ‘ಗ್ಲಾಸಸ್’ ಎಂಬ ಬಹುವಚನವನ್ನು ಶೇ. 91 ಮಕ್ಕಳು ಸರಿಯಾಗಿ ಹೇಳಿದರು. ಅದೇ ನಿಯಮ ಬೇಡುವ ‘ಟ್ಯಾಸ್’ ಎಂಬ ಹುಸಿಪದಕ್ಕೆ ‘ಟ್ಯಾಸಸ್’ ಎಂದವರು ಶೇ. 36 ಮಾತ್ರ. ನಿಜ ಪದವನ್ನಷ್ಟೇ ಕೇಳಿದ್ದರೆ ನಿಯಮ ಕೈವಶವಾಗಿದೆ ಎಂದೇ ಬರೆದುಕೊಳ್ಳುತ್ತಿದ್ದರು. ಮಕ್ಕಳು ‘ಗ್ಲಾಸಸ್’ ಅನ್ನು ಇಡಿಯಾಗಿ ನೆನಪಿಟ್ಟಿದ್ದರು, ಅದರ ಹಿಂದಿನ ನಿಯಮ ಇನ್ನೂ ಹೆಚ್ಚಿನವರಿಗೆ ದಕ್ಕಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ತೆಗೆದ ಮಗು ಏನನ್ನು ನಿಜವಾಗಿ ಕಲಿತಿದೆ ಎಂದು ತಲೆಕೆಡಿಸಿಕೊಳ್ಳುವ ಪ್ರತಿಯೊಬ್ಬ ಶಿಕ್ಷಕರೂ ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಬರ್ಕೊ ಅವರ ಮಾರ್ಗದರ್ಶಕ ರೋಜರ್ ಬ್ರೌನ್ ಹಿಂದಿನ ವರ್ಷವೇ ಇನ್ನೊಂದು ದಾರಿ ತೋರಿಸಿದ್ದರು. ‘ಸಿಬ್’ ಎಂಬ ಹುಸಿಪದವನ್ನು ಕ್ರಿಯಾಪದದ ರೂಪದಲ್ಲಿ ಹೇಳಿದಾಗ ಪುಟ್ಟ ಮಕ್ಕಳು ಚಿತ್ರದಲ್ಲಿ ಕೆಲಸವನ್ನು, ವಸ್ತುವಿನ ಹೆಸರಿನಂತೆ ಹೇಳಿದಾಗ ಪಾತ್ರೆಯನ್ನು, ದ್ರವ್ಯದ ಹೆಸರಿನಂತೆ ಹೇಳಿದಾಗ ಅದರೊಳಗಿನ ಪದಾರ್ಥವನ್ನು ಆರಿಸುವತ್ತ ವಾಲಿದರು. 1990ರಲ್ಲಿ ಲೆಟಿಷಿಯಾ ನೇಗಲ್ಸ್ ಎರಡು ವರ್ಷದ ಮಕ್ಕಳಿಗೆ ಎರಡು ದೃಶ್ಯ ತೋರಿಸಿದರು. ಒಂದರಲ್ಲಿ ಬಾತುಕೋಳಿ ಮೊಲವನ್ನು ಒತ್ತಿ ಕೂರಿಸುತ್ತದೆ, ಇನ್ನೊಂದರಲ್ಲಿ ಎರಡೂ ಕೈ ಬೀಸುತ್ತವೆ. ಬಾತುಕೋಳಿ ಮೊಲವನ್ನು ‘ಗೋರ್ಪ್’ ಮಾಡುತ್ತಿದೆ ಎಂದು ಕೇಳಿಸಿಕೊಂಡ ಮಕ್ಕಳ ಕಣ್ಣು ಮೊದಲನೆಯದರತ್ತ, ಬಾತುಕೋಳಿ ಮತ್ತು ಮೊಲ ‘ಗೋರ್ಪ್’ ಮಾಡುತ್ತಿವೆ ಎಂದು ಕೇಳಿದವರ ಕಣ್ಣು ಎರಡನೆಯದರತ್ತ ಹೆಚ್ಚು ಹೊತ್ತು ನಿಂತಿತು. ಪದದ ಅರ್ಥವನ್ನು ವಾಕ್ಯದ ಕಟ್ಟೇ ಸೂಚಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈ ಚರ್ಚೆಯಲ್ಲಿ ಕನ್ನಡದ ಮಕ್ಕಳಿಗೂ ಒಂದು ಮುಖ್ಯ ಪಾತ್ರ ಸಿಕ್ಕಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಮೂರು ವರ್ಷದ ಕನ್ನಡ ಮಕ್ಕಳ ಮೇಲೆ ನಡೆದದ್ದು. ಕನ್ನಡವನ್ನು ಆರಿಸಲು ಕಾರಣ ನಮ್ಮ ‘-ಇಸು’ ಪ್ರತ್ಯಯ: ಏರು-ಏರಿಸು, ಓಡು-ಓಡಿಸು. ಯಾರೋ ಇನ್ನೊಬ್ಬರಿಂದ ಕೆಲಸ ಮಾಡಿಸಿದರು ಎಂಬ ಅರ್ಥಕ್ಕೆ ಇಷ್ಟು ನಿಚ್ಚಳವಾದ ಗುರುತು ಇಂಗ್ಲಿಷಿನಲ್ಲಿ ಇಲ್ಲ. ಪದಗಳು ಹುಸಿಯಲ್ಲ, ಆದರೆ ಪದವನ್ನು ಅದು ನಿತ್ಯ ಬಾರದ ವಾಕ್ಯಕ್ಕೆ ಸೇರಿಸಿ ಮಕ್ಕಳಿಂದ ಆಟಿಕೆಗಳಲ್ಲಿ ಅಭಿನಯ ಮಾಡಿಸಿದ್ದರಿಂದ ಪರೀಕ್ಷೆಯ ತತ್ವ ಬರ್ಕೊ ಅವರದ್ದೇ. ಮಕ್ಕಳು ‘-ಇಸು’ವನ್ನು ನೆಚ್ಚಲಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ಆಧರಿಸಿ ಅಭಿನಯಿಸಿದರು. ಕಣ್ಣಿಗೆ ಕಾಣುವ ಪ್ರತ್ಯಯಕ್ಕಿಂತ ವಾಕ್ಯದ ಹಂದರ ಎಳೆಯ ಮನಸ್ಸಿಗೆ ಮೊದಲು ದಕ್ಕುತ್ತದೆ ಎಂಬ ಈ ಶೋಧ ಜಗತ್ತಿನ ಭಾಷಾಕಲಿಕೆಯ ಸಿದ್ಧಾಂತಗಳ ನಡುವಿನ ವಾದಕ್ಕೆ ಕನ್ನಡ ಕೊಟ್ಟ ಸಾಕ್ಷ್ಯ.

ಇನ್ನೂ ಚಿಕ್ಕ ಮಕ್ಕಳ ಮೇಲೆ ನಡೆದ ಪ್ರಯೋಗವೊಂದನ್ನು ಬಿಡುವಂತಿಲ್ಲ. 1996ರಲ್ಲಿ ಸ್ಯಾಫ್ರನ್, ಆಸ್ಲಿನ್, ನ್ಯೂಪೋರ್ಟ್ ಮೂವರೂ ಎಂಟು ತಿಂಗಳ ಶಿಶುಗಳಿಗೆ ಎರಡು ನಿಮಿಷ ಯಂತ್ರದ ಧ್ವನಿ ಕೇಳಿಸಿದರು. ತುಪಿರೊ, ಗೊಲಾಬು, ಬಿಡಾಕು, ಪಡೋಟಿ ಎಂಬ ನಾಲ್ಕು ಹುಸಿಪದಗಳು ನಡುವೆ ಬಿಡುವಿಲ್ಲದೆ, ಏರಿಳಿತವಿಲ್ಲದೆ ಹರಿಯುತ್ತಿದ್ದವು. ಒಂದು ಪದದ ಒಳಗೆ ‘ಗೊ’ ಆದಮೇಲೆ ‘ಲಾ’ ಬರುವುದು ಖಚಿತ, ಪದ ಮುಗಿದ ಮೇಲೆ ಏನು ಬರುತ್ತದೆಂಬುದು ಖಚಿತವಲ್ಲ. ಇಷ್ಟೇ ಸುಳಿವಿನಿಂದ ಕೂಸುಗಳು ಪದದ ಗಡಿಗಳನ್ನು ಗುರುತಿಸಿದ್ದವು. ನಿಜ ಪದಗಳಲ್ಲಿ ಈ ಪ್ರಯೋಗ ಮಾಡಲು ಬರುತ್ತಿರಲಿಲ್ಲ. ಮಗು ಅವನ್ನು ಮನೆಯಲ್ಲಿ ಎಷ್ಟು ಸಲ ಕೇಳಿದೆಯೋ ಯಾರಿಗೆ ಗೊತ್ತು?

ಇಷ್ಟಾದರೂ ಹುಸಿಪದ ಪೂರ್ತಿ ಖಾಲಿ ಎಂದು ತಿಳಿಯುವುದು ತಪ್ಪು. ಪ್ರತಿಯೊಂದು ಭಾಷೆಗೂ ಯಾವ ಧ್ವನಿ ಎಲ್ಲಿ ಬರಬಹುದು ಎಂಬ ಕಟ್ಟಳೆ ಇರುತ್ತದೆ. ‘ಬ್ಲಿಕ್’ ಇಂಗ್ಲಿಷಿನ ಪದವಲ್ಲ, ಆದರೆ ಆಗಬಹುದಿತ್ತು. ‘ಬ್ನಿಕ್’ ಎಂದೂ ಆಗಲಾರದು ಎಂಬುದು ಭಾಷಾವಿಜ್ಞಾನಿಗಳಾದ ಚಾಮ್‌ಸ್ಕಿ ಮತ್ತು ಹಾಲೆ ಕೊಟ್ಟ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲಿ ‘ಬಾಳಣೆ’ ಎಂದರೆ ಯಾವುದೋ ಊರಿನ ಪದವಿರಬೇಕು ಎಂದುಕೊಳ್ಳುತ್ತೇವೆ. ‘ಳಾಣಬ್’ ಎಂದರೆ ತಕ್ಷಣ ಪರಕೀಯ ಎನಿಸುತ್ತದೆ. ಳ, ಣ ನಮ್ಮ ಪದಗಳ ಮೊದಲಲ್ಲಿ ಬರುವುದಿಲ್ಲ, ನಮ್ಮ ಪದಗಳು ಸ್ವರದಲ್ಲಿ ಮುಗಿಯಬಯಸುತ್ತವೆ. ಧ್ವನಿಯಂತೆ ಪ್ರತ್ಯಯಗಳೂ ಸುಳಿವು ಕೊಡುತ್ತವೆ. ರಷ್ಯಾದ ಭಾಷಾವಿಜ್ಞಾನಿ ಲೆವ್ ಶ್ಚೆರ್ಬಾ ವಿದ್ಯಾರ್ಥಿಗಳಿಗೆ ಒಂದು ವಾಕ್ಯ ಬರೆದು ತೋರಿಸುತ್ತಿದ್ದರು. ಧಾತುಗಳೆಲ್ಲ ಕಲ್ಪಿತ, ಪ್ರತ್ಯಯಗಳು ಮಾತ್ರ ಅಪ್ಪಟ ರಷ್ಯನ್. ಯಾರೋ ಯಾರಿಗೋ ಏನೋ ಮಾಡಿ ಮುಗಿಸಿದ್ದಾರೆ, ಈಗ ಇನ್ನೊಂದಕ್ಕೆ ಇನ್ನೇನೋ ಮಾಡುತ್ತಿದ್ದಾರೆ ಎಂದು ವಿದ್ಯಾರ್ಥಿಗಳು ತಡವಿಲ್ಲದೆ ಹೇಳುತ್ತಿದ್ದರು. ಲೂಯಿಸ್ ಕ್ಯಾರಲ್ 1871ರಲ್ಲಿ ಪ್ರಕಟಿಸಿದ ‘ಜ್ಯಾಬರ್‌ವಾಕಿ’ ಪದ್ಯ ಇಂಗ್ಲಿಷ್ ಓದುಗರಿಗೆ ಆಗಲೇ ಈ ಅನುಭವ ಕೊಟ್ಟಿತ್ತು.

ಕನ್ನಡಿಗರಿಗೆ ಇದು ಹೊಸದಲ್ಲ. ಹುಸಿಪದ ಕಟ್ಟುವ ನಿಯಮವೊಂದು ನಮ್ಮ ವ್ಯಾಕರಣದೊಳಗೇ ಇದೆ. ಕಾಫಿ-ಗೀಫಿ, ಊಟ-ಗೀಟ, ಬಸ್ಸು-ಗಿಸ್ಸು, ದುಡ್ಡು-ಗಿಡ್ಡು, ಪುಸ್ತಕ-ಗಿಸ್ತಕ. ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’, ಉಳಿದದ್ದು ಹಾಗೇ. ನೆನ್ನೆ ಮೊನ್ನೆ ಬಂದ ಪದಕ್ಕೂ ಇದು ತಡೆಯಿಲ್ಲದೆ ಅನ್ವಯಿಸುತ್ತದೆ: ಮೊಬೈಲು-ಗಿಬೈಲು, ಪಾಸ್‌ವರ್ಡು-ಗೀಸ್‌ವರ್ಡು. ಪದವೇ ‘ಗಿ’ಯಿಂದ ಶುರುವಾದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಹೀಗೆ ಹುಟ್ಟಿದ ‘ಗೀಫಿ’ಗೆ ತನ್ನದೇ ಅರ್ಥವಿಲ್ಲ, ಆದರೂ ಅದು ‘ಮತ್ತು ಅಂಥದ್ದು ಇತ್ಯಾದಿ’ ಎಂಬ ಅರ್ಥವನ್ನು ಜೋಡಿಗೆ ತರುತ್ತದೆ. ಇನ್ನೂ ಕುತೂಹಲದ್ದೆಂದರೆ ಪ್ರತ್ಯಯ ಎಲ್ಲಿ ಸೇರಬೇಕೆಂಬುದು: ‘ಬಾಗಿಲು-ಗೀಗಿಲನ್ನು ಮುಚ್ಚು’ ಎಂದೂ ಹೇಳಬಹುದು, ‘ಬಾಗಿಲನ್ನು-ಗೀಗಿಲನ್ನು ಮುಚ್ಚು’ ಎಂದೂ ಹೇಳಬಹುದು. ಪದ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಸಿದ್ಧಾಂತದ ಪ್ರಶ್ನೆಗೆ ಮೇಲೆ ಹೆಸರಿಸಿದ ಲಿಡ್ಜ್ ಅವರೇ 2001ರಲ್ಲಿ ಈ ಕನ್ನಡ ಜೋಡಿಗಳನ್ನು ಆಧಾರವಾಗಿಟ್ಟು ಲೇಖನ ಬರೆದರು. ನಮ್ಮ ಶಾಲಾ ವ್ಯಾಕರಣ ಪುಸ್ತಕಗಳು ದ್ವಿರುಕ್ತಿ, ಜೋಡುನುಡಿಗಳಿಗೆ ಕೊಡುವ ಜಾಗದಲ್ಲಿ ಸ್ವಲ್ಪವನ್ನಾದರೂ ಇದಕ್ಕೆ ಕೊಡಬೇಕು.

ಧ್ವನಿಗೂ ಆಕಾರಕ್ಕೂ ನಂಟಿದೆಯೆ ಎಂಬ ಪ್ರಶ್ನೆಗೂ ಹುಸಿಪದಗಳನ್ನೇ ಬಳಸಿದ್ದಾರೆ. ಮನೋವಿಜ್ಞಾನಿ ಕೋಹ್ಲರ್ 1929ರಲ್ಲಿ ಶುರು ಮಾಡಿದ್ದನ್ನು ವಿ.ಎಸ್. ರಾಮಚಂದ್ರನ್ ಮತ್ತು ಹಬರ್ಡ್ 2001ರಲ್ಲಿ ‘ಬೂಬಾ’, ‘ಕಿಕಿ’ ಎಂಬ ಜೋಡಿಯಿಂದ ಜನಪ್ರಿಯಗೊಳಿಸಿದರು; ದುಂಡು ಆಕಾರ ಬೂಬಾ, ಚೂಪು ಆಕಾರ ಕಿಕಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಆಮೇಲೆ 25 ಭಾಷೆಗಳ 917 ಜನರನ್ನು ಕೇಳಿದಾಗ ಸುಮಾರು ಶೇ. 72 ಮಂದಿ ಹಾಗೇ ಜೋಡಿಸಿದರು. ಒಲವು ಇದೆ, ಆದರೆ ಅದು ಎಲ್ಲ ಭಾಷೆಗಳಲ್ಲೂ ಒಂದೇ ಸಮ ಇಲ್ಲ.

ಚಿಕಿತ್ಸೆಯ ಕ್ಷೇತ್ರದಲ್ಲಿ ಹುಸಿಪದ ನೇರ ಉಪಕಾರ ಮಾಡಿದೆ. ಸೂಸನ್ ಗ್ಯಾದರ್‌ಕೋಲ್ ಮತ್ತು ಅಲನ್ ಬ್ಯಾಡ್ಲಿ 1990ರ ಸುಮಾರಿಗೆ ತೋರಿಸಿದ್ದೇನೆಂದರೆ, ಭಾಷಾ ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಉದ್ದದ ಹುಸಿಪದವನ್ನು ಕೇಳಿ ಹಾಗೇ ತಿರುಗಿ ಹೇಳುವುದು ಬಹಳ ಕಷ್ಟ. 1996ರ ಅವರ ಪರೀಕ್ಷೆಯಲ್ಲಿ ಎರಡರಿಂದ ಐದು ಉಚ್ಚಾರಾಂಶಗಳ 40 ಪದಗಳಿವೆ. ಕಿವಿಗೆ ಬಿದ್ದದ್ದನ್ನು ಕ್ಷಣಕಾಲ ಹಿಡಿದಿಡುವ ಶಕ್ತಿ ಹೊಸ ಪದ ಕಲಿಯಲು ಬೇಕು, ಅದನ್ನು ಈ ಪರೀಕ್ಷೆ ಕೆಲವೇ ನಿಮಿಷದಲ್ಲಿ ಅಳೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಕನ್ನಡ ಮಕ್ಕಳೊಂದಿಗೆ ಇಂಥ ಅಧ್ಯಯನಗಳು ನಡೆದಿವೆ. ಆದರೆ ಇಂಗ್ಲಿಷಿನ ಅಳತೆಗೋಲು ಇಲ್ಲಿ ನಡೆಯದು. ಇಂಗ್ಲಿಷ್ ಮಗುವಿಗೆ ಐದು ಉಚ್ಚಾರಾಂಶದ ಪದ ಅಪರೂಪ; ‘ಬರುತ್ತಿದ್ದಾರೆ’, ‘ಮಲಗಿಕೊಂಡಿದೆ’ ಎಂದು ದಿನವಿಡೀ ಕೇಳುವ ಕನ್ನಡದ ಮಗುವಿಗೆ ಅಷ್ಟುದ್ದ ಮಾಮೂಲು.

ಈಗ ಓದಿನ ಕಲಿಕೆಗೆ ಬರೋಣ. ವಾದ ಹೆಚ್ಚು ಕಾವೇರಿರುವುದು ಇಲ್ಲಿಯೇ. ಪರಿಚಿತ ಪದವನ್ನು ಮಗು ಅಕ್ಷರ ಕೂಡಿಸಿ ಓದಿತೋ, ಒಟ್ಟು ಆಕಾರ ನೋಡಿ ಗುರುತಿಸಿತೋ ಹೇಳಲಾಗದು; ಹುಸಿಪದವನ್ನು ಅಕ್ಷರ ಕೂಡಿಸದೆ ಓದಲಾಗದು. ಈ ತರ್ಕದಿಂದ ಇಂಗ್ಲೆಂಡ್ 2012ರಿಂದ ಸರ್ಕಾರಿ ಅನುದಾನದ ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ಒಂದು ಪರೀಕ್ಷೆ ಕಡ್ಡಾಯ ಮಾಡಿತು. ಒಟ್ಟು 40 ಪದ, ಅದರಲ್ಲಿ 20 ಹುಸಿ. ಹುಸಿಪದದ ಪಕ್ಕದಲ್ಲಿ ಕಲ್ಪನೆಯ ಪ್ರಾಣಿಯ ಚಿತ್ರ ಇರುತ್ತದೆ, ಇದು ಆ ಪ್ರಾಣಿಯ ಹೆಸರು ಎಂದು ಮಗು ತಿಳಿಯಲಿ ಎಂದು. ಹೆಚ್ಚಿನ ವರ್ಷಗಳಲ್ಲಿ 32 ಸರಿಯಾದರೆ ಪಾಸು. ಟೀಕೆ ಆಗಲೇ ಶುರುವಾಯಿತು. ಚೆನ್ನಾಗಿ ಓದಬಲ್ಲ ಮಕ್ಕಳು ‘ಸ್ಟ್ರೋಮ್’ನಂಥ ಪದವನ್ನು ಅರ್ಥವಿರುವ ‘ಸ್ಟಾರ್ಮ್’ ಎಂದು ತಿದ್ದಿ ಓದಿ ಅಂಕ ಕಳೆದುಕೊಳ್ಳುತ್ತಾರೆ ಎಂದರು ಶಿಕ್ಷಕರು. ಅದಕ್ಕಿಂತ ದೊಡ್ಡ ಹಾನಿ ಪರೀಕ್ಷೆಯ ತಯಾರಿಯಲ್ಲಿ ಆಯಿತು: ಹುಸಿಪದಗಳ ಕಾರ್ಡುಗಳು ತರಗತಿಗೆ ಬಂದವು, ಮಕ್ಕಳು ವಾರಗಟ್ಟಲೆ ಇಲ್ಲದ ಪದಗಳನ್ನು ಓದಿ ಅಭ್ಯಾಸ ಮಾಡತೊಡಗಿದರು. ಜ್ವರ ನೋಡುವ ಥರ್ಮಾಮೀಟರನ್ನೇ ಔಷಧವೆಂದು ನುಂಗಿಸಿದ ಹಾಗೆ ಇದು.

ಭಾರತದಲ್ಲಿ ‘ಅಸರ್’ ಸಮೀಕ್ಷೆ 2005ರಿಂದ ಬಳಸುವ ಓದಿನ ಹಾಳೆಯಲ್ಲಿ ಅಕ್ಷರ, ಸಾಮಾನ್ಯ ಪದ, ಚಿಕ್ಕ ಪಾಠ, ಕಥೆ ಇವೆ, ಹುಸಿಪದ ಇಲ್ಲ. ಎನ್‌ಸಿಇಆರ್‌ಟಿ 2022ರ ಮಾರ್ಚ್‌ನಲ್ಲಿ ಮೂರನೇ ತರಗತಿಯ ಸುಮಾರು 86 ಸಾವಿರ ಮಕ್ಕಳ ಮೇಲೆ 20 ಭಾಷೆಗಳಲ್ಲಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನದಲ್ಲಿ ಹುಸಿಪದ ಓದುವ ಭಾಗವೂ ಸೇರಿತು. ಆ ಭಾಷೆಗಳಲ್ಲಿ ಕನ್ನಡವೂ ಒಂದು.

ಕನ್ನಡ ಲಿಪಿಗೆ ಹುಸಿಪದ ಬೇಕೆ ಎಂದು ಕೆಲವರು ಕೇಳುತ್ತಾರೆ. ಬರೆದಂತೆ ಓದುವ ಭಾಷೆ, ಅಕ್ಷರ ಬಂದರೆ ಓದು ಬಂತು ಎಂಬುದು ಅವರ ಮಾತು. ಆದರೆ ಅಕ್ಷರ ಬರುವುದೇ ನಿಧಾನ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಗುಣಿತ, ಒತ್ತಕ್ಷರಗಳ ಪೂರ್ತಿ ಹಿಡಿತಕ್ಕೆ ನಾಲ್ಕನೇ ತರಗತಿಯವರೆಗೂ ಸಮಯ ಬೇಕು. ಅರ್ಕಾವತ್ತನ್ನೇ ನೋಡಿ. ‘ಸೂರ್ಯ’ ಎಂಬುದನ್ನು ಮಗು ಸಲೀಸಾಗಿ ಓದುತ್ತದೆ, ಏಕೆಂದರೆ ಆ ಪದವನ್ನು ಗೋಡೆಯ ಮೇಲೆ, ಪದ್ಯದಲ್ಲಿ ನೂರು ಸಲ ಕಂಡಿದೆ. ‘ನೂರ್ಪೆ’ ಎಂದು ಬರೆದು ಕೊಡಿ. ಇಲ್ಲಿ ‘ರ್’ನ ಗುರುತನ್ನು ‘ಪೆ’ಯ ನಂತರ ಬರೆಯುತ್ತೇವೆ, ಓದುವಾಗ ಅದು ಮೊದಲು ಬರುತ್ತದೆ. ಈ ನಿಯಮ ತಿಳಿಯದ ಮಗು ‘ನೂಪ್ರೆ’ ಎಂದೋ ‘ನೂಪೆ’ ಎಂದೋ ಓದೀತು. ಯಾವ ಪಾಠ ಹೇಳಬೇಕೆಂದು ಶಿಕ್ಷಕರಿಗೆ ಅಲ್ಲೇ ತಿಳಿಯಿತು. ಇಂಥ ಪದಗಳ ಪಟ್ಟಿ ಹೀಗಿರಬಹುದು: ಮೊದಲ ಹಂತಕ್ಕೆ ‘ಬಗಮ’, ‘ತಳನ’. ಗುಣಿತಕ್ಕೆ ‘ಮೋಣಿಗು’, ‘ಕೂಬಿಸೆ’. ಒತ್ತಿಗೆ ‘ತಿಸ್ಮು’, ‘ತೆಲ್ಬು’. ಹೀಗೆ ಹತ್ತು ಹನ್ನೆರಡು ಪದ ಸಾಕು.

ಪಟ್ಟಿ ಕಟ್ಟುವಾಗ ಎಚ್ಚರ ಬೇಕು. ಇಂಗ್ಲಿಷಿನ ಮೂರಕ್ಷರದ ಮಾದರಿಯನ್ನು ಅನುವಾದಿಸಿದರೆ ‘ಬಪ್’, ‘ಟಿಗ್’ನಂಥವು ಬರುತ್ತವೆ, ಅವು ಕನ್ನಡದ ಕಟ್ಟಳೆಗೇ ಹೊಂದುವುದಿಲ್ಲ. ನಮ್ಮ ತರಗತಿಗಳು ಒಂದೇ ಮನೆಮಾತಿನವೂ ಅಲ್ಲ. ‘ಪಿಲ್ಲಿ’ ಕನ್ನಡದ ಪಟ್ಟಿಯಲ್ಲಿ ಹುಸಿಪದವಾಗಿ ಸೇರಿದರೆ ಕೋಲಾರದ ಗಡಿಯ ತೆಲುಗು ಮನೆಯ ಮಗುವಿಗೆ ಅದು ಬೆಕ್ಕು. ‘ಪಿಲಿ’ ತುಳು ಆಡುವ ಮಗುವಿಗೆ ಹುಲಿ. ಜಿಲ್ಲೆಯ ಶಿಕ್ಷಕರು ಒಮ್ಮೆ ಕೂತು ನೋಡದ ಪಟ್ಟಿಯನ್ನು ಬಳಸಬಾರದು.

ದೊಡ್ಡವರ ಭಾಷಾ ಕಲಿಕೆಯಲ್ಲಿ ಎರಡು ಕೆಲಸಗಳನ್ನು ಹೆಸರಿಸಿದರೆ ಸಾಕು. ಪಾಲ್ ಮೀರಾ 1987ರಲ್ಲಿ ಸಹಲೇಖಕರೊಂದಿಗೆ ರೂಪಿಸಿದ ಶಬ್ದಸಂಪತ್ತಿನ ಪರೀಕ್ಷೆಯಲ್ಲಿ ನಿಜ ಪದಗಳ ನಡುವೆ ಹುಸಿಪದ ಬೆರೆಸಿ ‘ಗೊತ್ತೆ, ಇಲ್ಲವೆ’ ಎಂದು ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತೆನ್ನುವವರ ಅಂಕವನ್ನು ಅದಕ್ಕೆ ತಕ್ಕಂತೆ ಇಳಿಸಬಹುದು. ಇನ್ನೊಂದು ಅಧ್ಯಯನ 1978ರದ್ದು. ಆಂಟನಿ ಬರ್ಜೆಸ್ ಅವರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಯಲ್ಲಿ ರಷ್ಯನ್ ಮೂಲದಿಂದ ತಿರುಚಿ ಕಟ್ಟಿದ ನೂರಾರು ಪದಗಳಿವೆ. ಇಂಗ್ಲಿಷ್ ಬಲ್ಲವರಿಗೆ ಪದಕೋಶವಿಲ್ಲದೆ ಕಾದಂಬರಿ ಕೊಟ್ಟು, ಮುಗಿದ ಮೇಲೆ ಮುನ್ಸೂಚನೆ ಇಲ್ಲದೆ ಪದಗಳ ಅರ್ಥ ಕೇಳಿದರು. ಅವರು ಸರಾಸರಿ ಮುಕ್ಕಾಲು ಭಾಗ ಸರಿಯಾಗಿ ಹೇಳಿದರು. ಬಾಯಿಪಾಠ ಮಾಡಿಸಿರಲಿಲ್ಲ, ಕಥೆಯೇ ಆ ಪದಗಳಿಗೆ ಅರ್ಥ ತುಂಬಿತ್ತು.

ಎಬಿಂಗ್‌ಹೌಸ್ ಕಂಡ ಹತ್ತುಪಟ್ಟಿನ ವ್ಯತ್ಯಾಸವನ್ನೂ ಈ ಕಾದಂಬರಿಯ ಓದುಗರನ್ನೂ ಒಟ್ಟಿಗಿಟ್ಟು ನೋಡಿದಾಗ ನನ್ನ ನಿಲುವು ಗಟ್ಟಿಯಾಗುತ್ತದೆ. ಮಗುವಿಗೆ ಏನು ಬರುತ್ತದೆ ಎಂದು ತಿಳಿಯಲು ಹುಸಿಪದದಷ್ಟು ನೇರವಾದ ಸಾಧನ ಇನ್ನೊಂದಿಲ್ಲ. ಕಲಿಸಲು ಅದಕ್ಕಿಂತ ಬಡವಾದದ್ದೂ ಇಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ವರ್ಷಕ್ಕೆ ಎರಡು ಸಲ, ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹನ್ನೆರಡು ಹುಸಿಪದ ಓದಿಸಿ. ಇವು ಸುಳ್ಳು ಪದಗಳು ಎಂದು ಮೊದಲೇ ಹೇಳಿಬಿಡಿ. ಯಾವ ಗುಣಿತದಲ್ಲಿ, ಯಾವ ಒತ್ತಿನಲ್ಲಿ ಮಗು ನಿಂತಿತೆಂದು ಬರೆದುಕೊಳ್ಳಿ, ಅಂಕ ಹಾಕಬೇಡಿ. ಆ ಅಕ್ಷರ ಹೆಚ್ಚು ಬರುವ ಒಂದು ಕಥೆಯನ್ನು ಮರುದಿನವೇ ಓದಲು ಕೊಡಿ. ಹುಸಿಪದಗಳ ಪಟ್ಟಿ ನಿಮ್ಮ ಮೇಜಿನ ಡ್ರಾಯರಿನಲ್ಲೇ ಇರಲಿ, ಮಕ್ಕಳ ಅಭ್ಯಾಸ ಪುಸ್ತಕಕ್ಕೆ ಅದು ಬರುವುದು ಬೇಡ.